ಲೋ ಸೀನ, ಬೆನ್ನಿನ ಮೇಲೆ ಎಲ್ಲಾ ತಪ್ಪೂ ಹಾಕಬೇಡ

ಲೋ ಸೀನ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಎಂಆರ್‌ಐನಲ್ಲಿ ಡಿಸ್ಕ್ ಬಲ್ಜ್ (ಬೆನ್ನುಮೂಳೆ ನಡುವಿನ ಮೆತ್ತೆ ಉಬ್ಬಿರೋದು) ಬಂದಿದೆ, ಸಯಾಟಿಕಾ (ಬೆನ್ನಿಂದ ಕಾಲಿಗಿಳಿಯೋ ನರದ ನೋವು) ಅಂತೆ, ಇನ್ನು ನನ್ನ ಕಾಲಿನ ಹಣೆಬರಹ ಇಷ್ಟೇ ಅಂದ್ಯಲ್ಲ, ಅದಕ್ಕೇ ಬರೀತಿದೀನಿ, ಫೋನಲ್ಲಾದ್ರೆ ನೀನು ಮಾತಾಡೋಕೆ ಬಿಡಲ್ಲ. ಇದೇ ಪಾಡು ಪಡ್ತಿರೋರು ಇನ್ನೂ ಇರ್ತಾರೆ ಅಂತ ಎಲ್ಲರಿಗೂ ಕಾಣೋ ಹಾಗೆ ಹಾಕಿದೀನಿ, ನಿನ್ನ ಊರು, ಅಂಗಡಿ ಹೆಸರು ಬರೆದಿಲ್ಲ ಬಿಡು.

ಆ ಬಲ್ಜ್‌ಗೆ ಅಷ್ಟು ಹೆದರಬೇಡ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನೆಲ್ಲ ಒಟ್ಟುಹಾಕಿ 2015ರಲ್ಲಿ ಒಂದು ಲೆಕ್ಕ ಬಂತು, 20 ವರ್ಷದವರಲ್ಲೇ ಸುಮಾರು 30% ಜನಕ್ಕೆ ಬಲ್ಜ್ ಇತ್ತು, ನಮ್ಮ ವಯಸ್ಸಿನ 50ರವರಲ್ಲಿ 60%. ಅಂದ್ರೆ ರಿಪೋರ್ಟಲ್ಲಿ ಕಂಡಿದ್ದೆಲ್ಲ ಕಾಲುನೋವಿಗೆ ಕಾರಣ ಆಗಿರಬೇಕು ಅಂತಿಲ್ಲ.

ನನ್ನ ಕಥೆ ನಿಂಗೆ ಅರ್ಧ ಗೊತ್ತು. ಅಂಗಾಲು ಉರಿ, ಜೋಮು, ಹತ್ತಿ ಮೇಲೆ ನಡೆದ ಹಾಗೆ. ಬೆಲ್ಟ್ ಕಟ್ಟಿಸಿದ್ರು, ಟ್ರ್ಯಾಕ್ಷನ್ ಕೊಟ್ರು, ಎಣ್ಣೆ ಹಾಕಿ ನೀವಿಸ್ಕೊಂಡಿದ್ದೂ ಆಯ್ತು. ಮುಖಕ್ಕೆ ಸೋಪ್ ಹಚ್ಚಿ ಕಣ್ಣು ಮುಚ್ಚಿದ್ರೆ ಬಚ್ಚಲಲ್ಲಿ ಓಲಾಡ್ತಿದ್ದೆ, ಗೋಡೆ ಹಿಡ್ಕೊಂಡೇ ಮುಖ ತೊಳೀಬೇಕಿತ್ತು. ಅದನ್ನ ಯಾರೂ ಕೇಳಿರ್ಲಿಲ್ಲ. ಕೊನೆಗೆ ಒಬ್ರು ಡಾಕ್ಟರಮ್ಮ ಸ್ಕ್ಯಾನ್ ಪಕ್ಕಕ್ಕಿಟ್ಟು, ಟ್ಯೂನಿಂಗ್ ಫೋರ್ಕ್ (ತಟ್ಟಿದ್ರೆ ನಡುಗೋ ಲೋಹದ ಕವಲು) ತಟ್ಟಿ ಕಾಲಿನ ಹೆಬ್ಬೆರಳ ಮೇಲಿಟ್ರು, ನಂಗೆ ಏನೂ ಅನ್ನಿಸ್ಲಿಲ್ಲ, ಅದೇ ಕೈ ಮೇಲಿಟ್ರೆ ಗುಂಯ್ ಅಂತು. ಏನೇನು ಮಾತ್ರೆ ತಗೋತೀರಿ ಅಂದ್ರು. ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಯಾಸ್‌ಗೆ ಪ್ಯಾಂಟೊಪ್ರಜೋಲ್, ಎರಡೂ ವರ್ಷಾನುಗಟ್ಟಲೆ. ಎರಡೂ ನರಗಳಿಗೆ ಬೇಕಾದ ಬಿ12 ವಿಟಮಿನ್ ಮೈಗೆ ಸೇರೋದನ್ನ ಕಮ್ಮಿ ಮಾಡ್ತಾವಂತೆ, ನಮ್ಮದೋ ಸೊಪ್ಪುಸಾರಿನ ಮನೆ, ಮೊಟ್ಟೆಯೂ ಇಲ್ಲ. ಬ್ಲಡ್ ಟೆಸ್ಟಲ್ಲಿ ಬಿ12 ಪಾತಾಳಕ್ಕಿಳಿದಿತ್ತು.

ಇಂಜೆಕ್ಷನ್ ಶುರುವಾದ್ಮೇಲೆ ಓಲಾಟ ನಿಂತು ಹೋಯ್ತು. ಉರಿ ಮಾತ್ರ ಪೂರ್ತಿ ಹೋಗಿಲ್ಲ ಕಣೋ, ಶುಗರ್‌ದೂ ಪಾಲಿದೆ, ನರ ತುಂಬ ದಿನ ಒಣಗಿದ್ರೆ ಎಲ್ಲಾ ವಾಪಸ್ ಬರಲ್ಲ. ರಾತ್ರಿ ಬೆಡ್‌ಶೀಟ್ ಪಾದಕ್ಕೆ ತಗುಲಿದ್ರೂ ಈಗಲೂ ಆಗಲ್ಲ, ಅದರ ಜೊತೆನೇ ಸಂಸಾರ. ಕಾರಣ ಸಿಕ್ತಲ್ಲ, ಇನ್ನೂ ಯಾಕೆ ನೋವು ಅಂತ ಕೇಳೋ ನೆಂಟರಿಗೆ ಉತ್ತರ ಕೊಡೋದೇ ಬಿಟ್ಟಿದೀನಿ.

ಆದ್ರೆ ನಂದು ನೋಡಿ ನೀನೂ ಮೆಡಿಕಲ್ ಶಾಪಲ್ಲಿ ಬಿ12 ಚುಚ್ಚಿಸ್ಕೋಬೇಡ. ಚುಚ್ಚಿಸ್ಕೊಂಡ ಮೇಲೆ ಟೆಸ್ಟ್ ಮಾಡಿಸಿದ್ರೆ ನಂಬರ್ ಚೆನ್ನಾಗಿ ಬರುತ್ತೆ, ನಿಜ ಮುಚ್ಚಿಹೋಗುತ್ತೆ. ನಿಂದೇ ಬೇರೆ ತರ ಅನ್ಸುತ್ತೆ ನಂಗೆ. ದಿನವಿಡೀ ಸೀರೆ ಅಂಗಡೀಲಿ ನಿಂತಿರ್ತೀಯ, ಬೆಳಿಗ್ಗೆ ಪರವಾಗಿಲ್ಲ, ಸಂಜೆಗೆ ಮೀನಖಂಡ ಭಾರ, ಸಾಕ್ಸ್ ಗುರುತು ಒತ್ತಿರುತ್ತೆ, ದಿಂಬಿನ ಮೇಲೆ ಕಾಲು ಎತ್ತಿಟ್ರೆ ಹಗುರ ಅಂದೆ. ಇದು ರಕ್ತನಾಳದ ವಾಲ್ವ್ ಸೋತಿರೋರು ಹೇಳೋ ಮಾತು. ಹೊರಗೆ ರಕ್ತನಾಳ ಉಬ್ಬಿ ಕಾಣದಿದ್ರೂ ಒಳಗೆ ರಕ್ತ ಕೆಳಗೇ ನಿಲ್ಲಬಹುದು. ಡಾಪ್ಲರ್, ಅಂದ್ರೆ ರಕ್ತನಾಳದ ಸ್ಕ್ಯಾನ್, ಬೇಕಾ ಅಂತ ಡಾಕ್ಟರನ್ನ ಬಾಯಿಬಿಟ್ಟು ಕೇಳು, ನಿಂತ್ಕೊಂಡಿರುವಾಗಲೂ ನೋಡಿದ್ರೆ ಒಳ್ಳೇದು.

ಅಲ್ಲಿ ಹೋದಾಗ "ಕಾಲುನೋವು" ಅಂತ ಒಂದೇ ಮಾತಲ್ಲಿ ಮುಗಿಸಬೇಡ ಮಾರಾಯ. ನಡೆದಾಗ ಹಿಡ್ಕೊಂಡು, ಬರೀ ನಿಂತ್ರೆ ಸಾಕು ಬಿಡೋ ನೋವು ಶುದ್ಧ ರಕ್ತದ ನಾಳದ್ದಿರಬಹುದು, ಬೀಡಿ ಸಿಗರೇಟು ಸೇದೋರಿಗೆ ಜಾಸ್ತಿ. ಕೂತ್ರೆ ಅಥವಾ ಮುಂದಕ್ಕೆ ಬಗ್ಗಿದ್ರೆ ಬಿಡೋದು ಬೆನ್ನಿಂದಿರಬಹುದು. ಯಾವಾಗ, ಎಲ್ಲಿ, ಏನು ಮಾಡಿದ್ರೆ ಕಮ್ಮಿ ಅಂತ ಚೀಟೀಲಿ ಬರ್ಕೊಂಡು ಹೋಗು. ಕಾಲು ಒತ್ತಿ ಹಿಡಿಯೋ ಬಿಗಿ ಸ್ಟಾಕಿಂಗ್ಸ್ ನೀನೇ ಆನ್‌ಲೈನಲ್ಲಿ ತರಿಸ್ಬೇಡ, ಪಾದದ ನಾಡಿ ನೋಡದೆ ಬಿಗಿ ಹಾಕಬಾರದು. ಒಂದೇ ಕಾಲು ದಿಢೀರ್ ಊದಿ ನೋಯ್ತು ಅಂದ್ರೆ, ಇಲ್ಲ ತೊಡೆ ಸಂದು ಜೋಮು ಹಿಡಿದು ಮೂತ್ರ ಕಟ್ತು ಅಂದ್ರೆ, ಅವತ್ತೇ ಆಸ್ಪತ್ರೆಗೆ ಓಡು, ಉಸಿರು ಕಟ್ಟಿದ್ರಂತೂ ಕಾಯಲೇಬೇಡ.

ಅತ್ತಿಗೆ ರಾತ್ರಿ ಕಾಲು ಸೆಳೆಯುತ್ತೆ, ಮಗನ ಕೈಲಿ ತುಳಿಸ್ಕೊಂಡ್ರೇನೇ ನಿದ್ದೆ ಅಂದ್ರಲ್ಲ, ಅವರಿಗೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ನೂ ಮಾಡ್ಸು. ಹಿಮೋಗ್ಲೋಬಿನ್ ಸರಿ ಇದ್ರೂ ಕಬ್ಬಿಣದ ದಾಸ್ತಾನು ಖಾಲಿ ಇರಬಹುದು.

ಇನ್ನೊಂದು, ನಿನ್ನ ಬಿಪಿ ಮಾತ್ರೆ ಪಟ್ಟಿ ಫೋಟೋ ಕಳಿಸು. ಅಮ್ಲೋಡಿಪಿನ್ ಆಗಿದ್ರೆ ಪಾದ ಊದೋಕೆ ಅದೂ ಒಂದು ಕಾರಣ. ನೀನಾಗೇ ನಿಲ್ಲಿಸ್ಬೇಡ ಮತ್ತೆ, ಡಾಕ್ಟರ ಹತ್ರ ಕೇಳು. ಭಾನುವಾರ ಅಂಗಡಿ ರಜಾ ತಾನೇ, ಫೋನ್ ಮಾಡು.

ನಿನ್ನ,
ಗುಂಡ