ಸೂರಿನಲ್ಲಿ ಸಿಕ್ಕಿಸಿದ್ದ ಲೋಟ

ಪ್ರೀತಿಯ ಗೆಳೆಯ,

ಇಲ್ಲೂ ಹುರುಳಿಕಾಳು ಸಿಕ್ಕಿತು ಕಣೋ. ಬಸ್ಸಾರು ಮಾಡಿದೆ. ಆಮೇಲೆ ಏನಾಯಿತು ಅಂತ ನಿನಗೆ ಹೇಳಬೇಕಿಲ್ಲ.

ಹೋದ ವಾರ ಆಫೀಸಿನಲ್ಲಿ ಊಟ ಮಾಡುವಾಗ ಒಬ್ಬ ಎಡಗೈಯಲ್ಲಿ ಉಪ್ಪು ಕೊಟ್ಟ. ಘಾನಾ ದೇಶದ ಗೆಳತಿ ತಗೊಳ್ಳಲಿಲ್ಲ. ನಮ್ಮಲ್ಲೂ ಹಾಗೇ ಅಂದೆ. ಮಾತು ಬೆಳೆಯಿತು. ಎಲ್ಲರಿಗೂ ಒಂದೇ ಸರಿ-ತಪ್ಪು ಅಂತ ಇದೆಯಾ? ಇಲ್ಲ, ಅವರವರ ಸಂಸ್ಕೃತಿ ಅವರವರಿಗೆ ಅಂತ ನಾನೇ ಜೋರಾಗಿ ವಾದಿಸಿದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ತಯಾರಾಗುವಾಗ, 1947ರಲ್ಲಿ, ಅಮೆರಿಕದ ಮಾನವಶಾಸ್ತ್ರಜ್ಞರ ಸಂಘವೂ ಇದೇ ತಕರಾರು ಎತ್ತಿತ್ತು. ಪಶ್ಚಿಮದ ಅಳತೆಗೋಲು ಎಲ್ಲರಿಗೂ ಹೇಗೆ ಹೊಂದುತ್ತದೆ ಅಂತ. ಆ ಭಯ ಸುಳ್ಳಲ್ಲ. ಆದರೆ ಕರಡಿನಲ್ಲಿ ಗಂಡಸರನ್ನಷ್ಟೇ ಸೂಚಿಸಬಹುದಾದ 'ಮೆನ್' ಅನ್ನುವ ಪದ ಬೇಡ, 'ಎಲ್ಲ ಮನುಷ್ಯರು' ಅಂತಲೇ ಇರಲಿ ಎಂದು ಹಠ ಹಿಡಿದವರು ಅಲ್ಲಿ ಭಾರತದ ಪ್ರತಿನಿಧಿಯಾಗಿದ್ದ ನಮ್ಮ ಹಂಸಾ ಮೆಹ್ತಾ. 1948ರ ಡಿಸೆಂಬರ್ 10ರಂದು ಘೋಷಣೆ ಪಾಸಾಯಿತು. ಅದಕ್ಕೆ 11 ದಿನ ಮೊದಲೇ ದೆಹಲಿಯಲ್ಲಿ ನಮ್ಮ ಸಂವಿಧಾನ ಸಭೆ ಅಸ್ಪೃಶ್ಯತೆ ರದ್ದು ಮಾಡುವ ವಿಧಿಯನ್ನು ಒಪ್ಪಿತ್ತು. ಅದಕ್ಕೂ ಎಷ್ಟೋ ಮುಂಚೆ, 1927ರಲ್ಲಿ, ಅಂಬೇಡ್ಕರ್ ಮಹಾರಾಷ್ಟ್ರದಲ್ಲಿ, ದಲಿತರನ್ನು ಬಿಟ್ಟುಕೊಳ್ಳದಿದ್ದ ಮಹಾಡ್‌ನ ಕೆರೆಗಿಳಿದು ನೀರು ಕುಡಿದಿದ್ದರು. ಇದನ್ನೆಲ್ಲ ಪಶ್ಚಿಮದವರು ಬಂದು ಕಲಿಸಿದರು ಅನ್ನೋಕಾಗುತ್ತಾ?

ನೀರು ಅಂದಾಗ ಆ ಲೋಟ ನೆನಪಾಯಿತು. ಅಜ್ಜಿ ಮನೆಯ ಕೊಟ್ಟಿಗೆ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ತೋಟದ ಕೆಲಸಕ್ಕೆ ಬರುವವರಿಗೆ. ಏಳನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ನೀನು ಬಂದಿದ್ದೆ. ನಿಮ್ಮ ಮನೆ ಯಾವ ಬೀದಿ ಅಂತ ಅಜ್ಜಿ ಕೇಳಿದರು. ಆಮೇಲೆ ನಿನಗೆ ಮಜ್ಜಿಗೆ ಬಂದದ್ದು ಆ ಲೋಟದಲ್ಲಿ. ತಂದುಕೊಟ್ಟವನು ನಾನು. ನೀನು ಕುಡಿದೆ, ತೊಳೆದೆ, ಮತ್ತೆ ಸೂರಿಗೇ ಸಿಕ್ಕಿಸಿದೆ. ಎಲ್ಲಿಡಬೇಕು ಅಂತ ನಾನು ಹೇಳಿರಲಿಲ್ಲ. ನಿನಗೆ ಗೊತ್ತಿತ್ತು.

ಎಡಗೈ ನಿಯಮ ಅಜ್ಜಿಗೂ ಇತ್ತು, ನಿನಗೂ ಇತ್ತು. ಲೋಟದ ನಿಯಮ ನಿನಗೆ ಮಾತ್ರ. ನಮ್ಮ ಸಂಸ್ಕೃತಿ ಅಂತ ಅಷ್ಟು ಮಾತಾಡಿದೆನಲ್ಲ, ಆ 'ನಮ್ಮ'ದರಲ್ಲಿ ನೀನೂ ಇದ್ದೀಯ. ನಿನ್ನನ್ನು ಯಾರು ಕೇಳಿದ್ದರು? ನಾನೂ ಇಷ್ಟು ವರ್ಷ ಕೇಳಲಿಲ್ಲ.

ಇದನ್ನು ಇಷ್ಟು ಜನರ ಮುಂದೆ ಬರೆಯೋಕೆ ಅಂತ ಕೂತದ್ದಲ್ಲ. ಬೈಯಬೇಕು ಅನ್ನಿಸಿದರೆ ಫೋನ್ ಮಾಡಿ ಬೈ.

ಸರಿ, ಸಾಕು. ಮೇ ತಿಂಗಳಲ್ಲಿ ಬರುತ್ತೇನೆ. ನಿನ್ನ ಮಗಳಿಗೆ ಸೈಕಲ್ ಬೆಲ್ ತಗೊಂಡಿದ್ದೇನೆ, ಬೀದಿಗೆಲ್ಲ ಕೇಳಿಸುತ್ತದೆ. ಕೆಂಪು ಚಪ್ಪಲಿ ವಿಷಯ ಮಾತ್ರ ಅವಳಿಗೆ ಹೇಳಬೇಡ.

ನಿನ್ನವನು