ಪುಸ್ತಕ ಅಚ್ಚಿಗೆ ಹೋಯಿತು, ಋಣ ಉಳಿದಿದೆ

ಷೇರುದಾರರ ಹಕ್ಕುಗಳ ಬಗ್ಗೆ ನಾನು ಬರೆದ ತೌಲನಿಕ ಅಧ್ಯಯನ ಕೊನೆಗೂ ಅಚ್ಚಿಗೆ ಹೋಗಿದೆ. ಅದಕ್ಕೆ ವರ್ಷಗಳೇ ಹಿಡಿದವು. ಕರಡು ಓದಿದ ಸಹೋದ್ಯೋಗಿಗಳಿಗೆ, ಪ್ರಶ್ನೆ ಕೇಳಿ ಕೇಳಿ ವಾದವನ್ನು ಗಟ್ಟಿ ಮಾಡಿದ ವಿದ್ಯಾರ್ಥಿಗಳಿಗೆ, ಗಡುವು ಮುಂದೂಡಿದ ಸಂಪಾದಕರಿಗೆ, ಮನೆಯವರಿಗೆ ಮನಸಾರೆ ವಂದನೆ.

ನಮ್ಮ ಕಾನೂನು ಗ್ರಂಥಾಲಯದ ಮೇಡಂಗೆ ಮಾತ್ರ ಇಷ್ಟು ಸಾಲದು.

ಪುಸ್ತಕದ ಪ್ರಶ್ನೆ ಇದು: ಕಂಪನಿಗೆ ನಷ್ಟ ಮಾಡಿದ ನಿರ್ದೇಶಕರ ಮೇಲೆ ಕಂಪನಿಯ ಪರವಾಗಿ ಷೇರುದಾರ ದಾವೆ ಹೂಡಬಹುದೇ? ದೇಶದೇಶಕ್ಕೂ ‘ಹೌದು’, ‘ಇಲ್ಲ’ ಎಂದು ಕೋಷ್ಟಕ ತುಂಬುವುದು ಸುಲಭ. ಜಪಾನಿನಲ್ಲಿ ಈ ಹಕ್ಕು 1950ರಿಂದಲೂ ಇತ್ತು, ಬಳಸಿದವರು ವಿರಳ. ಕೇಳಿದ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಶುಲ್ಕ ಕಟ್ಟಬೇಕಾದೀತು ಎಂಬ ಭಯ ದೊಡ್ಡ ತಡೆಯಾಗಿತ್ತು. ಗೆದ್ದರೂ ಹಣ ಹೋಗುವುದು ಕಂಪನಿಗೆ ತಾನೆ. 1993ರಲ್ಲಿ ಮೊತ್ತ ಎಷ್ಟೇ ಇರಲಿ ಶುಲ್ಕ 8,200 ಯೆನ್ ಎಂದು ನಿಗದಿಯಾಯಿತು, ದಾವೆಗಳು ಏರಿದವು. ಜರ್ಮನಿಯಲ್ಲಿ 2005ರ ತಿದ್ದುಪಡಿಯ ಪ್ರಕಾರ ಬಂಡವಾಳದ ಕನಿಷ್ಠ ಶೇ 1 ಅಥವಾ 1 ಲಕ್ಷ ಯೂರೋ ಪಾಲು ಇದ್ದವರು ಮಾತ್ರ ದಾವೆ ಹೂಡಬಹುದು, ಅವರೂ ಮೊದಲು ನ್ಯಾಯಾಲಯದ ಅನುಮತಿ ಪಡೆಯಬೇಕು. ಕೋಷ್ಟಕದಲ್ಲಿ ಎರಡೂ ‘ಹೌದು’!

ಈ ವ್ಯತ್ಯಾಸ ಹಿಡಿಯುವ ದಾರಿ ಮೇಡಂ ಹೇಳಿಕೊಟ್ಟದ್ದು. ಕಲಂ ಉಲ್ಲೇಖಿಸುವ ಮುನ್ನ ಅದು ಯಾವ ದಿನಾಂಕದ ಪಠ್ಯ, ಜಾರಿಗೆ ಬಂದದ್ದು ಯಾವಾಗ ಎಂದು ನೋಡಬೇಕು. ಆಮೇಲೆ ಶುಲ್ಕ, ಕಾಲಮಿತಿ, ಸಾಕ್ಷ್ಯದ ನಿಯಮಗಳು ಬೇರೆ ಯಾವ ಕಾಯ್ದೆಯಲ್ಲಿ ಕೂತಿವೆ ಎಂದು ಹುಡುಕಬೇಕು. ಇಂಗ್ಲಿಷ್ ಅನುವಾದ ತಿದ್ದುಪಡಿಗಿಂತ ಹಿಂದೆ ಬಿದ್ದಿರಬಹುದು, ಮೂಲವನ್ನು ಪಕ್ಕದಲ್ಲೇ ಇಟ್ಟುಕೊಳ್ಳಬೇಕು.

ಕೊನೆಯ ಕರಡಿನ ರಾತ್ರಿ ಜಪಾನಿನ ಅಧ್ಯಾಯ ಒಂದೇ ಬಾಕಿ. ಈ ದಾವೆಯ ಹಕ್ಕಿಗೆ ಹಳೆಯ ತೀರ್ಪುಗಳು ಹೇಳುವುದು ವಾಣಿಜ್ಯ ಸಂಹಿತೆಯ 267ನೇ ಕಲಂ. 2006ರಲ್ಲಿ ಜಾರಿಗೆ ಬಂದ ಕಂಪನಿ ಕಾಯ್ದೆಯಲ್ಲಿ ಅದೇ 847. ಪ್ರತಿ ಅಡಿಟಿಪ್ಪಣಿಯಲ್ಲೂ ತೀರ್ಪಿನ ವರ್ಷ ನೋಡಿ ಸಂಖ್ಯೆ ಹಾಕಬೇಕಿತ್ತು. ಆಗ ಮನಸ್ಸು ಸೋತುಹೋಗಿತ್ತು, ಅಧ್ಯಾಯವನ್ನೇ ಕಿತ್ತುಹಾಕೋಣ ಅನ್ನಿಸಿತ್ತು. ಮೇಡಂ ಏನೂ ಅನ್ನಲಿಲ್ಲ. ತೀರ್ಪುಗಳನ್ನು 2006ರ ಹಿಂದಿನವು, ಮುಂದಿನವು ಎಂದು ಎರಡು ಕಟ್ಟು ಮಾಡಿ, ಒಂದೊಂದೇ ಓದಿ ಹೇಳುತ್ತಾ ಬೆಳಗಾಗುವವರೆಗೆ ಕೂತರು.

ಅವರು ಹೇಳಿಕೊಟ್ಟ ಆ ಹಂತಗಳ ಪರಿಶೀಲನಾ ಪಟ್ಟಿ ಈಗ ಪುಸ್ತಕದ ಅನುಬಂಧದಲ್ಲಿದೆ. ಮೇಡಂ, ಬೇಡವೆಂದರೂ ಅದರ ಕೆಳಗೆ ನಿಮ್ಮ ಹೆಸರು ಹಾಕಿಸಿದ್ದೇನೆ.