'ರಾಜರ್' ಎಂದರೆ ಒಪ್ಪಿಗೆಯಲ್ಲ

ಮಾನ್ಯ ಸಂಪಾದಕರೆ,

ಪೈಲಟ್ ಮತ್ತು ವಿಮಾನ ಸಂಚಾರ ನಿಯಂತ್ರಕರ ನಡುವಿನ ರೇಡಿಯೊ ಸಂಭಾಷಣೆಯ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನ ಓದಿದೆ. ಅದರಲ್ಲಿ 'ರಾಜರ್' ಎಂಬ ಪದಕ್ಕೆ 'ಆಗಲಿ, ಹಾಗೆಯೇ ಮಾಡುತ್ತೇವೆ' ಎಂದು ಅರ್ಥ ಕೊಡಲಾಗಿದೆ. ಸಿನಿಮಾದಲ್ಲಿ ಕೇಳಿದವರಿಗೆ ಇದು ಸರಿಯೆನ್ನಿಸಬಹುದು. ಹಲವು ವರ್ಷ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ನಿಯಂತ್ರಣ ಕೊಠಡಿಯಲ್ಲಿ ಕುಳಿತ ನನಗೆ ಸುಮ್ಮನಿರಲು ಆಗಲಿಲ್ಲ. 'ರಾಜರ್' ಎಂದರೆ 'ನೀವೀಗ ಹೇಳಿದ್ದೆಲ್ಲ ನನಗೆ ತಲುಪಿತು' ಎಂದಷ್ಟೇ. ಹೇಳಿದಂತೆ ಮಾಡುತ್ತೇನೆ ಎನ್ನಲು 'ವಿಲ್ಕೊ' ಇದೆ, ಹೌದು ಎನ್ನಲು 'ಅಫರ್ಮ್' ಇದೆ. ತಲುಪಿತು, ಅರ್ಥವಾಯಿತು, ಒಪ್ಪಿದೆ, ಮಾಡುತ್ತೇನೆ ಎಂಬ ನಾಲ್ಕಕ್ಕೂ ನಾವು ಮನೆಯಲ್ಲಿ ಒಂದೇ 'ಹೂಂ' ಎಂದು ಮುಗಿಸುತ್ತೇವೆ. ರೇಡಿಯೊದಲ್ಲಿ ಹಾಗೆ ಹೂಂಗುಟ್ಟಿದ್ದರಿಂದ ಜನ ಸತ್ತಿದ್ದಾರೆ.

1977ರ ಮಾರ್ಚ್ 27ರಂದು ಕ್ಯಾನರಿ ದ್ವೀಪಗಳ ಟೆನೆರಿಫೆಯಲ್ಲಿ, ಲಾಸ್ ರೋಡಿಯೋಸ್ ನಿಲ್ದಾಣದ ಮೇಲೆ ಮಂಜು ಕವಿದಿತ್ತು. ಕೆಎಲ್‌ಎಂ ಸಂಸ್ಥೆಯ ಬೋಯಿಂಗ್ 747 ರನ್‌ವೇಯ ತುದಿಯಲ್ಲಿ ಹೊರಡಲು ಸಜ್ಜಾಗಿ ನಿಂತಿದ್ದರೆ, ಪ್ಯಾನ್ ಆಮ್‌ನ ಇನ್ನೊಂದು 747 ಅದೇ ರನ್‌ವೇಯಲ್ಲಿ ಅದರ ಎದುರಿಗೇ ನಿಧಾನವಾಗಿ ಬರುತ್ತಿತ್ತು. ಹಾರಿದ ಮೇಲೆ ಎಷ್ಟು ಎತ್ತರಕ್ಕೆ ಏರಬೇಕು, ಯಾವ ಕಡೆ ತಿರುಗಬೇಕು ಎಂಬ ಮಾರ್ಗದ ಅನುಮತಿಯನ್ನು ನಿಯಂತ್ರಕರು ಕೆಎಲ್‌ಎಂಗೆ ಓದಿ ಹೇಳಿದರು. ಆ ಸಂದೇಶದ ನಡುವೆ 'ಟೇಕ್‌ಆಫ್ ಆದ ಮೇಲೆ ಬಲಕ್ಕೆ' ಎಂಬ ಮಾತಿತ್ತೇ ಹೊರತು ಟೇಕ್‌ಆಫ್‌ಗೆ ಅನುಮತಿ ಇರಲಿಲ್ಲ. ಸಹಪೈಲಟ್ ಅದನ್ನು ಮರಳಿ ಹೇಳಿ, ಕೊನೆಯಲ್ಲಿ 'ನಾವೀಗ ಟೇಕ್‌ಆಫ್‌ನಲ್ಲಿದ್ದೇವೆ' ಎಂಬ ಅರ್ಥದ, ಯಾವ ಕೈಪಿಡಿಯಲ್ಲೂ ಇಲ್ಲದ ಒಂದು ವಾಕ್ಯವನ್ನು ಸೇರಿಸಿದರು. ಹೊರಡುವ ಜಾಗದಲ್ಲಿ ನಿಂತಿದ್ದಾರೆ ಎಂದು ತಿಳಿದ ನಿಯಂತ್ರಕರು 'ಓಕೆ' ಎಂದು, ಒಂದು ಕ್ಷಣ ಬಿಟ್ಟು, 'ಟೇಕ್‌ಆಫ್‌ಗೆ ಕಾಯಿರಿ, ನಾನೇ ಕರೆಯುತ್ತೇನೆ' ಎಂದರು. ಅದೇ ಗಳಿಗೆಯಲ್ಲಿ ಪ್ಯಾನ್ ಆಮ್‌ನವರು ತಾವಿನ್ನೂ ರನ್‌ವೇ ಮೇಲಿದ್ದೇವೆಂದು ಮಾತನಾಡಿದರು. ಎರಡೂ ಮಾತು ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದರ ಮೇಲೊಂದು ಬಿದ್ದು, ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ 'ಓಕೆ'ಯ ಬೆನ್ನಿಗೆ ಬರೀ ಕೀರಲು ಸದ್ದು ಕೇಳಿಸಿತು.

ಈ ಕತೆಯನ್ನು ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಆ ಸದ್ದು ಅಡಗಿದ ಮೇಲೆ 'ರನ್‌ವೇ ಬಿಟ್ಟ ಕೂಡಲೇ ತಿಳಿಸುತ್ತೇವೆ' ಎಂಬ ಪ್ಯಾನ್ ಆಮ್‌ನ ಮಾತು ಕೆಎಲ್‌ಎಂ ಕಾಕ್‌ಪಿಟ್‌ಗೂ ಸ್ಪಷ್ಟವಾಗಿ ತಲುಪಿತ್ತು. ವಿಮಾನ ಆಗಲೇ ಓಡತೊಡಗಿತ್ತು. ಹಿಂದಿನ ಆಸನದ ಫ್ಲೈಟ್ ಎಂಜಿನಿಯರ್ ಒಬ್ಬರೇ 'ಹಾಗಾದರೆ ಅವನಿನ್ನೂ ಆಚೆ ಹೋಗಿಲ್ಲವೇ?' ಎಂದು ಕೇಳಿದರು. ಹೋಗಿದ್ದಾನೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದರು. ಎರಡೂ ವಿಮಾನ ಡಿಕ್ಕಿ ಹೊಡೆದು 583 ಮಂದಿ ಸತ್ತರು. ಆಮೇಲೆ ಬಂದ ಕಟ್ಟುಪಾಡಿನಂತೆ 'ಟೇಕ್‌ಆಫ್' ಎಂಬ ಪದವನ್ನು ಆ ಅನುಮತಿ ಕೊಡುವಾಗ ಅಥವಾ ಹಿಂಪಡೆಯುವಾಗ ಮಾತ್ರ ಉಚ್ಚರಿಸಬೇಕು. ಉಳಿದೆಡೆಯೆಲ್ಲ 'ಡಿಪಾರ್ಚರ್' ಎನ್ನಬೇಕು.

ತಮ್ಮ ಲೇಖಕರು ಸೂಚಿಸಿರುವ ಪರಿಹಾರವೆಂದರೆ ಪೈಲಟ್‌ಗಳ ಇಂಗ್ಲಿಷ್ ಪರೀಕ್ಷೆಯನ್ನು ಬಿಗಿಗೊಳಿಸುವುದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಭಾಷಾ ಸಾಮರ್ಥ್ಯವನ್ನು ಆರು ಹಂತಗಳಲ್ಲಿ ಅಳೆಯುತ್ತದೆ, ನಾಲ್ಕನೆಯ ಹಂತ ಕನಿಷ್ಠ ಅರ್ಹತೆ. ಅದು ಬೇಕೇ ಬೇಕು, ತಕರಾರಿಲ್ಲ. ಆದರೆ 1989ರಲ್ಲಿ ಕ್ವಾಲಾಲಂಪುರದ ಬಳಿ ಗುಡ್ಡಕ್ಕೆ ಅಪ್ಪಳಿಸಿದ ಫ್ಲೈಯಿಂಗ್ ಟೈಗರ್ ಸರಕು ವಿಮಾನದ ಸಿಬ್ಬಂದಿ ಅಮೆರಿಕನ್ನರು. 2400 ಅಡಿಗೆ ಇಳಿಯಿರಿ ಎನ್ನಲು ನಿಯಂತ್ರಕರು 'ಟೂ ಫೋರ್ ಜೀರೊ ಜೀರೊ' ಎಂದರು. ಮೊದಲ 'ಟೂ' ಅವರ ಕಿವಿಗೆ ಅಂಕಿಯಾಗಿ ಬೀಳದೆ ಇಂಗ್ಲಿಷಿನ 'ಟು' ಪದವಾಗಿ, ಅಂದರೆ 'ಇಷ್ಟಕ್ಕೆ ಇಳಿಯಿರಿ' ಎಂಬುದರ 'ಕ್ಕೆ' ಪ್ರತ್ಯಯವಾಗಿ ಬಿತ್ತು. 'ಓಕೆ, ಫೋರ್ ಜೀರೊ ಜೀರೊ' ಎಂಬ ಉತ್ತರದಲ್ಲಿ ಒಂದು ಅಂಕಿ ಕಡಿಮೆಯಿದ್ದುದನ್ನು ನೆಲದ ಮೇಲಿದ್ದವರೂ ಗಮನಿಸಲಿಲ್ಲ. ಮರುವರ್ಷ, 1990ರ ಜನವರಿ 25ರ ರಾತ್ರಿ, ನ್ಯೂಯಾರ್ಕ್‌ನಲ್ಲಿ ಇಳಿಯಲಾಗದೆ ಮತ್ತೆ ಮೇಲೇರಿದ, ಕೊಲಂಬಿಯಾದ ಏವಿಯಾಂಕ ಸಂಸ್ಥೆಯ ವಿಮಾನದ ಸಹಪೈಲಟ್, ದಿಕ್ಕಿನ ಅಂಕಿಯನ್ನು ಮರಳಿ ಹೇಳಿ, ಅದರ ಬಾಲಕ್ಕೆ 'ಇನ್ನೊಮ್ಮೆ ಪ್ರಯತ್ನಿಸುತ್ತೇವೆ, ಇಂಧನ ಮುಗಿಯುತ್ತಿದೆ' ಎಂದು ಸೇರಿಸಿದರು. 'ಎಮರ್ಜೆನ್ಸಿ' ಎಂಬ ಪದ ಅವರ ಬಾಯಿಂದ ಬರಲಿಲ್ಲ. ಇಂಗ್ಲಿಷೇ ಆಡುಮಾತಾದ ಊರಿನ ನಿಯಂತ್ರಕರ ಉತ್ತರ: 'ಓಕೆ'. ಇಂಧನ ಬತ್ತಿ ವಿಮಾನ ಬಿತ್ತು, 73 ಮಂದಿ ಸತ್ತರು.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ಸಂಜೆ ನನ್ನ ಫ್ರೀಕ್ವೆನ್ಸಿಯಲ್ಲಿ 347 ಮತ್ತು 374 ಎಂದು ಕೊನೆಗೊಳ್ಳುವ ಎರಡು ವಿಮಾನಗಳಿದ್ದವು. 347ಕ್ಕೆ ಇಳಿಯಲು ಹೇಳಿದೆ. ಎತ್ತರದ ಅಂಕಿ ಒಂದಿಷ್ಟೂ ತಪ್ಪದೆ ಮರಳಿ ಬಂತು, ನನ್ನ ಪೆನ್ಸಿಲ್ ಆಗಲೇ ಕಾಗದದ ಪಟ್ಟಿಯ ಮೇಲೆ ಗೀಟು ಎಳೆದಿತ್ತು. ಆಗ ಏನೋ ಅಳುಕಾಯಿತು: ಅಲ್ಲಿಯವರೆಗೆ 347ರಿಂದ ಮಾತನಾಡುತ್ತಿದ್ದುದು ಹೆಣ್ಣು ದನಿ, ಈಗ ಉತ್ತರಿಸಿದ್ದು ಗಂಡು ದನಿ. ಮತ್ತೆ ಕೇಳಿದಾಗ ಇಳಿಯತೊಡಗಿದ್ದು 374 ಎಂದು ತಿಳಿಯಿತು. ಕೆಳಗೆ ಬೇರೆ ವಿಮಾನ ಇರಲಿಲ್ಲವಾದ್ದರಿಂದ ಅದು ಯಾರ ಗಮನಕ್ಕೂ ಬರಲಿಲ್ಲ. ಪೈಲಟ್ ತನ್ನ ಕಾಲ್ ಸೈನನ್ನು, ಅಂದರೆ ರೇಡಿಯೊದಲ್ಲಿ ವಿಮಾನವನ್ನು ಗುರುತಿಸುವ ಹೆಸರನ್ನು, ಸ್ಪಷ್ಟವಾಗಿಯೇ ಹೇಳಿದ್ದ. ನಾನು ಬಯಸಿದ್ದ ಅಂಕಿ ಬಂದ ಕೂಡಲೇ ನನ್ನ ಕಿವಿ ಮುಚ್ಚಿಕೊಂಡಿತ್ತು. ಮರಳಿ ಹೇಳುವುದಕ್ಕೆ ರೀಡ್‌ಬ್ಯಾಕ್ ಎನ್ನುತ್ತೇವೆ, ಅದನ್ನು ಮರಳಿ ಕೇಳಿಸಿಕೊಳ್ಳುವುದಕ್ಕೆ ಹಿಯರ್‌ಬ್ಯಾಕ್. ಮೊದಲನೆಯದನ್ನು ಪರೀಕ್ಷೆ ಮಾಡಿ ಕಲಿಸಬಹುದು. ಎರಡನೆಯದಕ್ಕೆ ಬಿಡುವು ಬೇಕು. ಒಬ್ಬನೇ ನಿಯಂತ್ರಕ ಉಸಿರಾಡಲು ಪುರಸೊತ್ತಿಲ್ಲದಂತೆ ವಿಮಾನಗಳನ್ನು ನಡೆಸುತ್ತಿದ್ದರೆ ಮೊದಲು ಸೋಲುವುದು ಅವನ ಇಂಗ್ಲಿಷ್ ಅಲ್ಲ, ಕಿವಿ. ಇದನ್ನು ಬಿಟ್ಟು ಭಾಷೆಯೊಂದನ್ನೇ ದೂರುವುದು ನನಗೆ ಸೋಮಾರಿತನವಾಗಿ ಕಾಣುತ್ತದೆ.

ಮಾತು ಬಿಟ್ಟು ಲಿಖಿತ ಸಂದೇಶಕ್ಕೆ ಹೋಗಬಾರದೇಕೆ ಎಂದೂ ಲೇಖನದಲ್ಲಿ ಕೇಳಲಾಗಿದೆ. ಸಾಗರದ ಮೇಲೆ ಹಾರುವಾಗ ಆ ವ್ಯವಸ್ಥೆ ಈಗಾಗಲೇ ಬಳಕೆಯಲ್ಲಿದೆ, ಚೆನ್ನಾಗಿಯೂ ಇದೆ. ಇಳಿಯುವ ಹೊತ್ತಿನಲ್ಲಿ ಸೆಕೆಂಡುಗಳ ಲೆಕ್ಕವಿರುವುದರಿಂದ ಅಲ್ಲಿ ದನಿಯೇ ಬೇಕು. ಲಿಖಿತ ಸಂದೇಶದಿಂದ ಇನ್ನೊಂದು ನಷ್ಟವೂ ಇದೆ: ರೇಡಿಯೊದಲ್ಲಿ ಒಬ್ಬರಿಗೆ ಹೇಳಿದ್ದು ಸುತ್ತಲಿನ ಎಲ್ಲರಿಗೂ ಕೇಳಿಸುತ್ತದೆ. ಟೆನೆರಿಫೆಯ ಆ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಹುಟ್ಟಿದ್ದೇ ತಮಗಾಗಿ ಆಡದ ಮಾತಿನಿಂದ. ವಿಮಾನಯಾನದಲ್ಲಿ ಇಂದಿಗೂ ಹಳೆಯ ಎಎಂ ರೇಡಿಯೊವನ್ನೇ ಉಳಿಸಿಕೊಂಡಿರುವುದನ್ನು ಲೇಖಕರು ಹಾಸ್ಯ ಮಾಡಿದ್ದಾರೆ. ಎಎಂನಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಕೀರಲು ಸದ್ದಾದರೂ ಬರುತ್ತದೆ. ಎಫ್‌ಎಂನಲ್ಲಿ ಬಲವಾದ ದನಿ ದುರ್ಬಲ ದನಿಯನ್ನು ನುಂಗಿಹಾಕುತ್ತದೆ, ಇನ್ನೊಬ್ಬರು ಮಾತನಾಡಿದ್ದರೆಂಬುದೇ ತಿಳಿಯುವುದಿಲ್ಲ.

ಆದ್ದರಿಂದ 'ರಾಜರ್' ಪದದ ಅರ್ಥವನ್ನು ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ. ಇನ್ನು ಮುಂದೆ ಕಾಕ್‌ಪಿಟ್ ಸಂಭಾಷಣೆ ಅಚ್ಚು ಹಾಕುವಾಗ ಆಡಿದ ಪದವನ್ನು ಇದ್ದ ಹಾಗೆಯೇ ಕನ್ನಡ ಲಿಪಿಯಲ್ಲಿ ಕೊಟ್ಟು, ಅದಕ್ಕೆ ಯಾರಿಂದ ಏನು ಉತ್ತರ ಬಂತು, ಅಥವಾ ಉತ್ತರವೇ ಬರಲಿಲ್ಲವೇ ಎಂಬುದನ್ನೂ ಪಕ್ಕದಲ್ಲಿ ಕಾಣಿಸಿದರೆ ಓದುಗರಿಗೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಮಾನ ಸಂಚಾರ ನಿಯಂತ್ರಕ